ಗಂಧ ಹಚ್ಚಿದ ಮೆಗ್ನೀಷಿಯಂ

ಬೆಂಕಿ ಹಚ್ಚಿ ಹೊಟ್ಟೆ ಹೊರೆಯುವವರಿಗೆ ಇಂಥ ಪ್ರಸಂಗಗಳು ತಪ್ಪುವುದಿಲ್ಲ. ನಾನು ಹಚ್ಚುತ್ತಿದ್ದದ್ದು ಮನೆಗಲ್ಲ, ಮೆಗ್ನೀಷಿಯಂ ತಂತಿಗೆ. ಎಪ್ಪತ್ತರ ದಶಕದಲ್ಲಿ ಹೊಸನಗರದ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರಾಗಿದ್ದೆ. ಪ್ರಯೋಗಶಾಲೆ ಎಂದರೆ ಒಂದೇ ಕೋಣೆ. ಆ ಕೋಣೆಯ ಮೇಲೆ ಹೆಡ್‌ಮಾಸ್ತರರ ಕಣ್ಣು ಬಿದ್ದಿತ್ತು. "ಎಂತ ಟೀಚರ್, ಹೆಣ್ಣುಮಕ್ಕಳಿಗೆ ಹೊಗೆ ಯಾಕೆ? ಹೊಲಿಗೆ ಮೆಷಿನ್ ಇಡುವ. ಇನ್‌ಸ್ಪೆಕ್ಟರು ಬರ್ಲಿ, ಅವ್ರೇ ತೀರ್ಮಾನ ಮಾಡ್ಲಿ" ಎಂದಿದ್ದರು. ನನಗೆ ಜೀವವೇ ಹೋದಂತಾಗಿತ್ತು. ಆ ತಂತಿ ಹೊತ್ತಿದಾಗ ಬರುವ ಬಿಳಿ ಬೆಳಕಿಗಾಗಿಯೇ ನಾನು ಈ ಕೆಲಸಕ್ಕೆ ಸೇರಿದವಳು. ಅದನ್ನು ನೋಡಿ ಕಣ್ಣು ಮುಚ್ಚಿದರೆ ರೆಪ್ಪೆಯೊಳಗೆ ಹಸಿರು ಚುಕ್ಕೆಗಳು ತೇಲುತ್ತಿದ್ದವು. ಅವನ್ನೇ ನೋಡುತ್ತ ಮನೆ ದಾಟಿ ಬಸ್‌ಸ್ಟ್ಯಾಂಡಿನವರೆಗೆ ನಡೆದುಹೋದದ್ದೂ ಉಂಟು.

ಚಿಕ್ಕಮ್ಮ

ನಮ್ಮ ಮಳೆಗಾಲದ ಥಂಡಿಗೆ ತಂತಿಯ ಮೇಲೆ ಬೂದು ಬಣ್ಣದ ಪೊರೆ ಕಟ್ಟುತ್ತಿತ್ತು. ಎಷ್ಟು ಹೊತ್ತು ಜ್ವಾಲೆಗೆ ಹಿಡಿದರೂ ಜಪ್ಪಯ್ಯ ಎನ್ನುತ್ತಿರಲಿಲ್ಲ. ಉಪ್ಪುಕಾಗದದಿಂದ ಉಜ್ಜಿ ಪೊರೆ ತೆಗೆದರೆ ಮಾತ್ರ ಭಗ್ಗೆಂದು ಹೊತ್ತುತ್ತಿತ್ತು. ಒಂದು ದಿನ ಹಾಗೆ ಹೊತ್ತಿಸಿ, "ಬೆಂಕಿ ಒಳಗೇ ಇತ್ತು, ಪೊರೆ ತಡೆದಿತ್ತು. ಅರ್ಥ ಆಯ್ತಾ?" ಎಂದೆ.

ಹಿಂದಿನ ಬೆಂಚಿನ ಹುಡುಗಿ ಎದ್ದು ನಿಂತಳು. "ಆಯ್ತು ಟೀಚರ್. ನಮ್ಮ ಚಿಕ್ಕಮ್ಮನೂ ಹಿಂಗೇ. ಮೇಲೆ ನೋಡಿದ್ರೆ ತಣ್ಣಗೆ. ಚಿಕ್ಕಪ್ಪ ಒಂಚೂರು ಕೆಣಕಿದ್ರೆ ಮುಗೀತು."

ಕಿಟಕಿಯ ಹೊರಗೆ ಯಾರೋ ಕೆಮ್ಮಿದರು. ಆ ಚಿಕ್ಕಪ್ಪ ಬೇರೆ ಯಾರೂ ಅಲ್ಲ, ನಮ್ಮ ಹೆಡ್‌ಮಾಸ್ತರರು.

ಹಾಸ್ಟೆಲಿನ ಪಾತ್ರೆ

ಲೋಹ ಎಷ್ಟು ಸಣ್ಣ ಪುಡಿಯಾದರೆ ಅಷ್ಟು ಬೇಗ ಹೊತ್ತುತ್ತದೆ ಎಂದು ಪಾಠ ಮಾಡುತ್ತಿದ್ದೆ. ಕಣ್ಣಿಗೇ ಕಾಣದಷ್ಟು ನುಣ್ಣಗೆ ಬೀಸಿದರೆ ಹೇಗಿರಬಹುದು, ಬಿಸಿಲು ಸೋಕಿದರೇ ಸಾಕೇನೋ ಎಂದು ಯೋಚಿಸುತ್ತ ಪಾಠದ ನಡುವೆಯೇ ಕಳೆದುಹೋದೆ. ಒಬ್ಬ ಹುಡುಗಿ ಎಚ್ಚರಿಸಿದಳು: "ಟೀಚರ್, ಅಲ್ಯೂಮಿನಿಯಂ ಪುಡಿ ಉರೀತದೆ ಅಂದ್ರಿ. ಹಾಸ್ಟೆಲಿನ ಪಾತ್ರೆ ದಿನಾ ಒಲೆ ಮೇಲಿದ್ರೂ ಯಾಕೆ ಉರಿಯಲ್ಲ?"

ಪಾತ್ರೆ ಪುಡಿಯಲ್ಲ, ಗಟ್ಟಿ ಲೋಹ. ಜೊತೆಗೆ ಅದರ ಮೇಲೆ ಕಾಣದಂಥ ತೆಳು ಪೊರೆಯೊಂದು ಕಾಪಾಡುತ್ತಿರುತ್ತದೆ ಎಂದು ಹೇಳಿದೆ. ಈ ಮಾತು ಸಂಜೆಯೊಳಗೆ ಹಾಸ್ಟೆಲಿನ ಅಡುಗೆಯಮ್ಮನಿಗೆ ಮುಟ್ಟಿತು. ಆಕೆ ಕೋಣಂದೂರು ಕಡೆಯವರು, ಬಲು ಜಾಗ್ರತೆಯ ಹೆಂಗಸು. ಕೆಲವು ದಿನಗಳ ನಂತರ ಹೆಡ್‌ಮಾಸ್ತರರು ಹಾಸ್ಟೆಲಿಗೆ ಊಟಕ್ಕೆ ಹೋದರು. ಸಾರಿನ ಪಾತ್ರೆ ಒಳಗೂ ಹೊರಗೂ ಇದ್ದಿಲಿನಂತಿತ್ತು.

"ಎಂತ ಮಾರಾಯ್ತಿ, ಪಾತ್ರೆ ತಿಕ್ಕುದಿಲ್ವಾ?"

"ತಿಕ್ಕುದಾ ಸಾರ್! ಪೊರೆ ಹೋದ್ರೆ ಪಾತ್ರೆಗೇ ಬೆಂಕಿ ಹತ್ಕಳ್ತದಂತೆ. ಟೀಚರ್ ಹೇಳಿದಾರೆ. ಮಕ್ಕಳ ಜೀವ ಮುಖ್ಯನಾ, ಪಾತ್ರೆ ಹೊಳಪು ಮುಖ್ಯನಾ?"

ಇನ್‌ಸ್ಪೆಕ್ಟರು ಬಂದ ದಿನ

ದಸರಾ ರಜೆ ಮುಗಿದು ಬಾಗಿಲು ತೆಗೆದ ದಿನವೇ ಇನ್‌ಸ್ಪೆಕ್ಟರು ಬಂದರು. ಹಿಂದೆ ಹೆಡ್‌ಮಾಸ್ತರರು, ಅವರ ಕೈಯಲ್ಲಿ ಹೊಲಿಗೆ ಮೆಷಿನ್ನಿಗೆ ಜಾಗ ಅಳೆಯುವ ಟೇಪು. ಬೀರು ತೆಗೆದವಳು ಬೆವರಿದೆ. ನಮ್ಮ ಅಟೆಂಡರು ದೈವಭಕ್ತರು. ಆಯುಧಪೂಜೆಗೆ ತಕ್ಕಡಿ, ಇಕ್ಕಳ ಒಂದನ್ನೂ ಬಿಟ್ಟಿರಲಿಲ್ಲ. ಮೆಗ್ನೀಷಿಯಂ ತಂತಿಗಂತೂ ಉದ್ದಕ್ಕೂ ದಪ್ಪಗೆ ಗಂಧ, ಮೇಲೆ ಕುಂಕುಮ.

ಜ್ವಾಲೆಗೆ ಹಿಡಿದೆ. ಘಮಘಮ ಹೊಗೆ ಬಂತೇ ಹೊರತು ಬೆಳಕು ಬರಲಿಲ್ಲ. "ನೋಡಿದ್ರಾ ಸಾರ್" ಎಂದು ಹೆಡ್‌ಮಾಸ್ತರರು ಟೇಪು ಬಿಚ್ಚಿದರು. ನಾನು ಉಪ್ಪುಕಾಗದ ತೆಗೆದುಕೊಂಡೆ. ಅಟೆಂಡರು ಅಡ್ಡ ಬಂದರು: "ಬ್ಯಾಡ ಟೀಚರ್! ಪೂಜೆ ಮಾಡಿದ ಗಂಧ ಕೆರೀಬಾರ್ದು!"

ಕೋಣೆ ಕೈಬಿಟ್ಟು ಹೋಗುತ್ತಿತ್ತು. ಬಾಯಿಗೆ ಬಂದದ್ದನ್ನು ಹೇಳಿದೆ: "ಕೆರೀತಿಲ್ಲ, ನಿರ್ಮಾಲ್ಯ ತೆಗೀತಿದ್ದೀನಿ. ಹಳೇದು ತೆಗೀದೆ ಹೊಸ ಪೂಜೆ ಆಗ್ತದಾ?"

ಅಟೆಂಡರು ತಕ್ಷಣ ಕೈಮುಗಿದು ಹಿಂದೆ ಸರಿದರು. ಉಜ್ಜಿದೆ, ಹಿಡಿದೆ. ಭಗ್! ಕೋಣೆ ತುಂಬ ಆ ಬೆಳಕು. ಹೆಡ್‌ಮಾಸ್ತರರ ಬೋಳುತಲೆ ಕೂಡ ಹುಣ್ಣಿಮೆಯಂತೆ ಚೆಂದ ಕಂಡಿತು. ಬೆಳಕು ಆರಿದಾಗ ಮೇಜಿನ ಮೇಲೆ ಒಂದಿಷ್ಟು ಬಿಳಿ ಬೂದಿ ಉಳಿದಿತ್ತು. ಅಟೆಂಡರು ಅದನ್ನು ಭಕ್ತಿಯಿಂದ ಬಳಿದು ಇನ್‌ಸ್ಪೆಕ್ಟರ ಮುಂದೆ ಹಿಡಿದರು. ಬೆಳಕಿಗೆ ಕಣ್ಣು ಕತ್ತಲಿಟ್ಟಿದ್ದ ಅವರು ಒಂದು ಚಿಟಿಕೆ ತೆಗೆದು ಹಣೆಗೆ ಹಚ್ಚಿಕೊಂಡರು. ಮೇಲಧಿಕಾರಿ ಹಚ್ಚಿಕೊಂಡ ಮೇಲೆ ಕೇಳಬೇಕೇ, ಹೆಡ್‌ಮಾಸ್ತರರೂ ಹಚ್ಚಿಕೊಂಡರು.

"ಇಂಥ ಜಾಗದಲ್ಲಿ ಹೊಲಿಗೆ ಮೆಷಿನ್ನಾ? ಛೆ ಛೆ" ಎಂದು ಹೇಳಿ ಇನ್‌ಸ್ಪೆಕ್ಟರು ಹೊರಟುಹೋದರು.

ಕೋಣೆ ಉಳಿಯಿತು. ನನಗೆ ಅಳುವಷ್ಟು ಸಂತೋಷವಾಗಿತ್ತು. ಮರುದಿನ ಬೆಳಿಗ್ಗೆ ಪ್ರಯೋಗಶಾಲೆಯ ಬಾಗಿಲ ಹತ್ತಿರ ಸದ್ದಾಯಿತು. ಹೆಡ್‌ಮಾಸ್ತರರು ಚಪ್ಪಲಿ ಹೊರಗೆ ಬಿಟ್ಟು, ಕಾಲು ತೊಳೆದುಕೊಂಡು ನಿಂತಿದ್ದರು. ಪಕ್ಕದಲ್ಲಿ ಅವರ ಹೆಂಡತಿ, ಕೈಯಲ್ಲಿ ಹಣ್ಣುಕಾಯಿ.

"ಟೀಚರ್, ಇವತ್ತು ಮಂಗಳಾರತಿ ಎಷ್ಟು ಗಂಟೆಗೆ?"