ಅಪ್ಪನ ಫೋಟೋಗೆ ಗಂಧದ ಹಾರ

ಧಾರಾವಾಹಿ ಮಾಡುವುದರಲ್ಲಿ ಏನು ಮಹಾ ಇದೆ ಅಂತ ನನಗೆ ಮೊದಲಿನಿಂದಲೂ ಒಂದು ಧಿಮಾಕು. ಬಾಗಲಗುಂಟೆಯ ನಮ್ಮ ಮನೆಯಲ್ಲಿ ಸಂಜೆ ಹಾಕಿದ ಟಿವಿ ಆರುವುದು ಊಟ ಮುಗಿದ ಮೇಲೆಯೇ. ಹಾಗಾಗಿ ಪತ್ರಿಕೋದ್ಯಮದ ಮೇಡಂ, "ಒಂದು ಧಾರಾವಾಹಿಯ ಟ್ರೇಲರ್ ಮಾಡ್ಕೊಂಡ್ ಬನ್ನಿ. ಎರಡೇ ನಿಮಿಷ. ಆದ್ರೆ ಧಾರಾವಾಹಿ ಲಕ್ಷಣಗಳೆಲ್ಲ ಇರ್ಬೇಕು" ಅಂದಾಗ ಇಡೀ ಕ್ಲಾಸು ಗೋಳಾಡಿತು. ನಾನು ಮಾತ್ರ ಮುಗುಳ್ನಕ್ಕೆ. ಲಕ್ಷಣ ನನಗೆ ಹೇಳಿಕೊಡಬೇಕೆ? ಆರತಿ ತಟ್ಟೆ ಬೀಳಬೇಕು. ಗುಡುಗಬೇಕು. ಒಂದೇ ಮುಖವನ್ನು ಮೂರು ಸಲ ಹತ್ತಿರದಿಂದ ತೋರಿಸಬೇಕು. ಸತ್ತ ಯಜಮಾನನ ಫೋಟೋ, ಅದಕ್ಕೊಂದು ಗಂಧದ ಹಾರ ಇರಲೇಬೇಕು. ಮುಗಿಯಿತು!

ಆರತಿ ತಟ್ಟೆ ಮನೆಯಲ್ಲೇ ಇತ್ತು. ಮಗಳಾಗಿ ಅಳುವುದಕ್ಕೆ ಗೆಳತಿ ಪೂರ್ಣಿ ಒಪ್ಪಿದಳು. ಸಾಯುವುದಕ್ಕೆ ಮಾತ್ರ ಯಾರೂ ಸಿಗಲಿಲ್ಲ. ಆಗ ಅಪ್ಪ ತಾವಾಗಿಯೇ ಮುಂದೆ ಬಂದರು. ಪೀಣ್ಯದ ಒಂದು ವರ್ಕ್‌ಶಾಪಿನಲ್ಲಿ ವಾರವಿಡೀ ಲೇತ್ ಯಂತ್ರದ ಮುಂದೆ ನಿಲ್ಲುವ ಮನುಷ್ಯ, ಭಾನುವಾರ ಒಂದು ದಿನ ಕಲಾವಿದರಾಗಲು ಆಸೆಪಟ್ಟರು.

"ನಂಗೂ ಒಂದು ಪಾರ್ಟ್ ಕೊಡೇ."

"ಡೈಲಾಗ್ ಇಲ್ಲ ಅಪ್ಪ. ನೀನು ಸತ್ತೋಗಿರ್ತೀಯ."

"ಒಳ್ಳೇದೇ ಆಯ್ತು, ಬಾಯಿಪಾಠ ಮಾಡೋ ತಾಪತ್ರಯ ಇಲ್ಲ."

ಅಡುಗೆಮನೆಯಿಂದ ಅಮ್ಮ ಸೌಟಿನ ಸಮೇತ ಓಡಿ ಬಂದಳು. "ಬಿಡ್ತು ಅನ್ರೀ! ಬದುಕಿರೋರ ಫೋಟೋಗೆ ಯಾರಾದ್ರೂ ಹಾರ ಹಾಕ್ತಾರಾ? ಅವಳಿಗಂತೂ ಬುದ್ಧಿ ಇಲ್ಲ, ನಿಮಗಾದ್ರೂ ಬೇಡ್ವಾ?"

"ಬಿಡ್ತು" ಅಂದರು ಅಪ್ಪ. ಅಂದವರೇ ತಲೆ ಬಾಚಿಕೊಳ್ಳಲು ಹೋದರು.

ಫೋಟೋ ತೆಗೆಯುವಾಗ ಇನ್ನೊಂದು ಸಮಸ್ಯೆ. ಅಪ್ಪ ಹಲ್ಲು ಬಿಟ್ಟು ನಗುತ್ತಿದ್ದರು. "ಅಪ್ಪ, ಸತ್ತೋರು ನಗಬಾರ್ದು" ಅಂದೆ. "ಹೋಗೇ, ಫೋಟೋದಲ್ಲಿ ನಗೋರೆಲ್ಲ ಸತ್ತೋರೇ ತಾನೆ?" ಅಂದು ಇನ್ನೂ ಅಗಲವಾಗಿ ನಕ್ಕರು. ಅದನ್ನೇ ಪ್ರಿಂಟ್ ಹಾಕಿಸಿದೆ. ಗೋಡೆಯ ಮೇಲಿದ್ದ ತಾತನ ಫೋಟೋದಿಂದ ಗಂಧದ ಹಾರವನ್ನು ಒಂದು ದಿನದ ಮಟ್ಟಿಗೆ ಕಡ ತಂದೆ.

ಇಲ್ಲಿ ಅಪ್ಪನ ಅಣ್ಣನ ವಿಷಯ ಹೇಳಬೇಕು. ದೊಡ್ಡಪ್ಪ ಇರುವುದು ಬ್ಯಾಟರಾಯನಪುರದಲ್ಲಿ, ಆದರೆ ನಮ್ಮ ಮನೆಯ ಮೆಟ್ಟಿಲು ತುಳಿದು ವರ್ಷಗಳಾಗಿದ್ದವು. ಕಾರಣ, ನಮ್ಮಕ್ಕನ ಮದುವೆಯ ಲಗ್ನಪತ್ರಿಕೆ. ಅದರಲ್ಲಿ ಸುಖಾಗಮನ ಬಯಸುವವರ ಸಾಲಿನಲ್ಲಿ ದೊಡ್ಡಪ್ಪನ ಹೆಸರು ಮೇಲಿರಬೇಕಿತ್ತು. ಪ್ರೆಸ್ಸಿನವರು ಸೋದರಮಾವನ ಹೆಸರನ್ನು ಮೇಲೆ ಹಾಕಿ, ದೊಡ್ಡಪ್ಪನನ್ನು ಕೆಳಗೆ ತಳ್ಳಿಬಿಟ್ಟಿದ್ದರು. ಮನೆಗೆ ಹಿರಿಯನಾದ ದೊಡ್ಡಪ್ಪ ಸುಖಾಗಮನ ಬಯಸಲೂ ಇಲ್ಲ, ಮದುವೆಗೆ ಆಗಮಿಸಲೂ ಇಲ್ಲ. ಅಂದಿನಿಂದ ಮಾತಿಲ್ಲ, ಕತೆಯಿಲ್ಲ. ಪ್ರತಿ ಹಬ್ಬಕ್ಕೂ ಅಪ್ಪ ಬಾಗಿಲಲ್ಲಿ ಕೂತು, "ಅಣ್ಣ ಒಂದ್ಸಲ ಬಂದ್ಬಿಟ್ರೆ ಸಾಕು ಕಣೇ" ಅನ್ನುತ್ತಿದ್ದರು. ಅವರಿಗೆ ಈ ಲೋಕದಲ್ಲಿದ್ದ ಆಸೆ ಅದೊಂದೇ.

ಭಾನುವಾರ ಬೆಳಿಗ್ಗೆ ಫೋಟೋಗೆ ಕುಂಕುಮ ಇಟ್ಟು, ಹಾರ ಹಾಕಿ, ಮುಂದೆ ದೀಪ ಹಚ್ಚಿದೆ. ಎಷ್ಟು ಚೆನ್ನಾಗಿ ಕಾಣುತ್ತಿತ್ತು ಅಂದರೆ, ಪ್ರಚಾರಕ್ಕೆ ಇರಲಿ ಅಂತ ವಾಟ್ಸಾಪ್ ಸ್ಟೇಟಸ್‌ಗೆ ಹಾಕಿಬಿಟ್ಟೆ. ಕೆಳಗೆ ಧಾರಾವಾಹಿಯ ಹೆಸರು, ಕ್ಲಾಸಿನಲ್ಲಿ ತೋರಿಸುವ ಹೊತ್ತು: "ನೀವಿಲ್ಲದ ಮನೆ. ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ. ತಪ್ಪದೇ ಬನ್ನಿ." ಇದನ್ನು ಓದಿದವರು ಏನಂದುಕೊಳ್ಳುತ್ತಾರೆ ಅಂತ ಯಾರು ಬೇಕಾದರೂ ಹೇಳಿಯಾರು. ನಿರ್ದೇಶಕಿಗೆ ಹೊಳೆಯಲಿಲ್ಲ! ಮೇಲಾಗಿ, ಶೂಟಿಂಗ್ ಮಧ್ಯೆ ರಿಂಗಾಗಬಾರದು ಅಂತ ಮನೆಯ ಅಷ್ಟೂ ಫೋನುಗಳನ್ನು ಆರಿಸಿ, ನನ್ನದನ್ನು ಫ್ಲೈಟ್ ಮೋಡ್‌ಗೆ ಹಾಕಿ ಕ್ಯಾಮೆರಾ ಮಾಡಿಕೊಂಡೆ. ವಿಚಾರಿಸಲು ಫೋನ್ ಮಾಡಿದವರಿಗೆಲ್ಲ ಸುದ್ದಿ ಖಾತ್ರಿಯಾಯಿತು.

ಮಧ್ಯಾಹ್ನ ಅಳುವ ಸೀನು. ಅಪ್ಪ ಫ್ರೇಮಿನಲ್ಲಿ ಬರಬಾರದು ಅಂತ ಅವರನ್ನು ಅಡುಗೆಮನೆಗೆ ಕಳಿಸಿದ್ದೆ. ಪೂರ್ಣಿ ಬಿಳಿ ಸೀರೆ ಉಟ್ಟು, ಕಣ್ಣಿಗೆ ಈರುಳ್ಳಿ ಉಜ್ಜಿಕೊಂಡು, "ಅಪ್ಪಾ! ನಮ್ಮನ್ನ ಬಿಟ್ಟು ಹೋದ್ಯಾ ಅಪ್ಪಾ!" ಅಂತ ಬೀದಿಗೆಲ್ಲ ಕೇಳುವ ಹಾಗೆ ಕಿರುಚುತ್ತಿದ್ದಳು. ನಾನು "ಇನ್ನೂ ಜೋರು!" ಅನ್ನುತ್ತಿದ್ದೆ.

ಬಾಗಿಲು ಧಡಾರನೆ ತೆರೆಯಿತು. ದೊಡ್ಡಪ್ಪ! ಕೈಯಲ್ಲಿ ಹೆಣಕ್ಕೆ ಹಾಕುವ ದೊಡ್ಡ ಹೂವಿನ ಹಾರ. ನೇರವಾಗಿ ಫೋಟೋ ಮುಂದೆ ಕುಸಿದು ಕೂತರು.

"ಲೋ ನಾಗಾ, ನನಗಿಂತ ಮುಂಚೆ ಓಗ್ಬುಟ್ಯೇನೋ? ಒಂದು ಪತ್ರಿಕೆಗೋಸ್ಕರ ಇಂಗ್ ಮಾಡ್ಕೊಂಡ್ವಲ್ಲೋ! ನನ್ನೆಸ್ರು ಮ್ಯಾಲಿದ್ರೇನು, ಕೆಳಗಿದ್ರೇನು! ನಾನೇ ಬರ್ಬೇಕಿತ್ತು ಕಣೋ, ನಾನೇ ಬರ್ಬೇಕಿತ್ತು."

ಹಣೆಯನ್ನು ನೆಲಕ್ಕೆ ಚಚ್ಚಿಕೊಂಡು ಅತ್ತರು. ಪೂರ್ಣಿ ಬೆಚ್ಚಿ ಅಳು ನಿಲ್ಲಿಸಿದಳು. ನಾನು ಆಗಲೇ ಓಡಿ ಹೋಗಿ, ಇಲ್ಲ ದೊಡ್ಡಪ್ಪ, ಅಪ್ಪ ಚೆನ್ನಾಗಿದ್ದಾರೆ ಅನ್ನಬೇಕಿತ್ತು. ನಾನು ಏನು ಮಾಡಿದೆ ಗೊತ್ತೇ? ಕ್ಯಾಮೆರಾ ಅವರ ಮುಖದ ಹತ್ತಿರ ಒಯ್ದೆ. ನೆನೆಸಿಕೊಂಡರೆ ಈಗಲೂ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ಅಣ್ಣನ ದನಿ ಕೇಳಿ ಅಪ್ಪ ಚಕ್ಕುಲಿ ಕೈಯಲ್ಲೇ ಹಿಡಿದು ಓಡಿಬಂದರು. "ಅಣ್ಣಾ?"

ದೊಡ್ಡಪ್ಪ ತಿರುಗಿದರು. ಫೋಟೋ ನೋಡಿದರು, ಅಪ್ಪನನ್ನು ನೋಡಿದರು. ಎದ್ದು ಅಪ್ಪನ ಕೆನ್ನೆ, ಭುಜ ಎಲ್ಲ ಮುಟ್ಟಿ ಮುಟ್ಟಿ ನೋಡಿ ಬಿಗಿದಪ್ಪಿಕೊಂಡರು. ಹಾಗೇ ಬಿಟ್ಟಿದ್ದರೆ ನನ್ನ ಧಾರಾವಾಹಿ ಅಲ್ಲಿಗೆ ಶುಭಂ ಆಗುತ್ತಿತ್ತು. ಅಮ್ಮನಿಗೆ ತಡೆಯಲಾಗಲಿಲ್ಲ. "ಏನೂ ಇಲ್ಲ ಭಾವ, ಇವಳ ಕಾಲೇಜಿಂದು ಸೀರಿಯಲ್ಲು!"

ಅಪ್ಪನ ಬೆನ್ನ ಮೇಲಿದ್ದ ದೊಡ್ಡಪ್ಪನ ಕೈ ಕೆಳಗಿಳಿಯಿತು. ನನ್ನ ಫೋನಿನ ಕಡೆ ನೋಡಿದರು. "ನಾನ್ ಅಳೋದ್ನ ಇಡಿಯೋ ಮಾಡ್ತಿದ್ಯಾ? ನನ್ ಕರಸ್ಕೊಳ್ಳಕ್ಕೆ ಸಾಯೋ ನಾಟಕ ಆಡುದ್ರೇನ್ಲಾ ಎಲ್ರೂ ಸೇರ್ಕೊಂಡು?"

"ಇಲ್ಲಣ್ಣ, ನಿನ್ನಾಣೆ..."

"ಅಳಿಸು ಮೊದ್ಲು."

ಅವರ ಕಣ್ಣೆದುರೇ ಅಳಿಸಿದೆ. ಫೋನಿನೊಳಗಿನ ಕಸದ ಡಬ್ಬಿಯಿಂದಲೂ ಅಳಿಸಿಸಿದರು. ಅಪ್ಪ ಚಪ್ಪಲಿ ಬಿಡುವ ಜಾಗದವರೆಗೂ ಹಿಂದೆ ಹೋಗಿ, "ಒಂದ್ ಲೋಟ ಕಾಫಿ ಕುಡ್ಕೊಂಡ್ ಹೋಗಣ್ಣ" ಅಂತ ಅಂಗಲಾಚಿದರು. ಸಾವಿನ ಮನೆಯಲ್ಲಿ ಏನೂ ಕುಡಿಯುವುದಿಲ್ಲ, ಹೊರಡುವಾಗ "ಬರ್ತೀನಿ" ಅನ್ನುವುದೂ ಇಲ್ಲ. ದೊಡ್ಡಪ್ಪ ಎರಡನ್ನೂ ಪಾಲಿಸಿ ಮೆಟ್ಟಿಲಿಳಿದು ಹೋದರು.

ಫೋನುಗಳನ್ನು ಹಾಕಿದರೆ ಓಂ ಶಾಂತಿಗಳ ಸುರಿಮಳೆ. ದಾಸರಹಳ್ಳಿಯ ಚಿಕ್ಕಮ್ಮ, "ಮಣ್ಣು ನಾಳೇನಾ? ಅಲ್ಲೀವರೆಗೂ ಐಸ್ ಬಾಕ್ಸ್ ಹೇಳಿದ್ದೀರ ತಾನೆ?" ಅಂತ ಕಾಳಜಿಯಿಂದ ಕೇಳಿದ್ದರು. ಸಂಜೆಯವರೆಗೂ ಅಪ್ಪನೇ ಒಬ್ಬೊಬ್ಬರಿಗೂ ಫೋನ್ ಮಾಡಿ ತಾವು ಬದುಕಿರುವುದಕ್ಕೆ ಕ್ಷಮೆ ಕೇಳಿದರು. ದೊಡ್ಡಪ್ಪನಿಗೂ ಮಾಡಿದರು. ಅವರು ಎತ್ತಲಿಲ್ಲ.

ಸೋಮವಾರ ಕ್ಲಾಸಿನಲ್ಲಿ ಟ್ರೇಲರ್ ತೋರಿಸಿದೆ. ಎಲ್ಲ ಲಕ್ಷಣಗಳೂ ಇದ್ದವು. ಮೇಡಂ ಕನ್ನಡಕ ತೆಗೆದು, "ಗುಡುಗು ಚೆನ್ನಾಗಿದೆ. ಆದ್ರೆ ಅಳು ನಂಬೋ ಹಾಗಿಲ್ಲಮ್ಮ. ನಿಜವಾಗ್ಲೂ ಮನುಷ್ಯನ್ನ ಕಳ್ಕೊಂಡೋರು ಹೀಗ್ ಅಳಲ್ಲ" ಅಂದರು.

ಮನೆಗೆ ಬಂದರೆ ಅಪ್ಪ ನನಗಾಗಿ ಕಾಯುತ್ತಿದ್ದರು. ಟ್ರೇಲರ್ ಏನಾಯಿತು ಅಂತ ಕೇಳಲೇ ಇಲ್ಲ.

"ಅಣ್ಣ ಅತ್ತಿದ್ದು ಎಲ್ಲಾದ್ರೂ ಒಂಚೂರು ಉಳ್ಕೊಂಡಿದ್ಯೇನೇ? ನಾನ್ ಅಡುಗೆಮನೇಲಿದ್ದೆ, ನೋಡ್ಲಿಲ್ಲ."

"ಇಲ್ಲ ಅಪ್ಪ, ಪೂರ್ತಿ ಹೋಯ್ತು."

"ಹೋಗ್ಲಿ, ಹೆಂಗತ್ತ ಅಂತ ಮಾಡಿ ತೋರ್ಸು."

ಅಷ್ಟಾದರೂ ಮಾಡೋಣ ಅಂತ ನೆಲದ ಮೇಲೆ ಕೂತೆ. "ಲೋ ನಾಗಾ, ನನಗಿಂತ ಮುಂಚೆ" ಅಂದೆ. ಮುಂದಕ್ಕೆ ಆಗಲಿಲ್ಲ. ಅಪ್ಪನ ಮುಖ ನೋಡಿ ಬಿಕ್ಕಿ ಬಿಕ್ಕಿ ಅಳು ಬಂತು, ಮೂಗೆಲ್ಲ ಸೋರಿತು. ಅಪ್ಪ ಹೆಗಲ ಮೇಲಿನ ಟವೆಲ್ ತೆಗೆದು ನನ್ನ ಕೈಗಿಟ್ಟರು.

"ಬಿಡು ಬಿಡು" ಅಂದರು, "ನಿಂಗೆ ಆಕ್ಟಿಂಗ್ ಬರಲ್ಲ."