ಕಂಪ್ಲಿಗೆ ಕಾಲುವೆ ದಾರಿ

ಜಡೆಪ್ಪ: ಪೆಡ್ಲು ತುಳಿಯೂದೇ ಬ್ಯಾಡ ಅಂದಿದ್ದಿಯಲ್ಲಲೇ! ಮೂರು ತಾಸಾತು ತುಳಿಯಾಕ ಹತ್ತಿ. ನನ್ನ ಮೊಣಕಾಲು ನೋಡು, ಹೆಂಗ ನಡುಗಾಕ ಹತ್ಯಾವ.

ಗಾದಿಲಿಂಗಪ್ಪ: ನಾ ಅಂದಿದ್ದು ಹೆಚ್ಚು ತುಳಿಯೂದು ಬ್ಯಾಡ ಅಂತ.

ಜಡೆಪ್ಪ: ಸುಳ್ಳು ಹೇಳಬ್ಯಾಡ. ನಿನ್ನೆ ಸಂಜಿಮುಂದ ಹೋಟ್ಲಾಗ ಟೇಬಲ್ ಬಡದು ಹೇಳಿದಿ. "ನೀರು ತನ್ನಷ್ಟಕ್ಕ ತಾನು ಕಂಪ್ಲಿ ಕಡಿ ಹೊಕ್ಕೈತಿ ಅಂದಮ್ಯಾಲೆ ಕಾಲುವಿ ದಂಡಿಗುಂಟ ಬರೇ ಇಳುಕಲು. ಪೆಡ್ಲಿನ ಮ್ಯಾಲೆ ಕಾಲಿಟಗೊಂಡು ಸುಮ್ಮನ ಕುಂತ್ರ ಸಾಕು." ನಿನ್ನ ಬಾಯಾಗಿಂದ ಬಂದ ಮಾತು ಹೌದೋ ಅಲ್ಲೋ?

ಗಾದಿಲಿಂಗಪ್ಪ: ಇಳುಕಲು ಐತಪ. ಆಫೀಸಿನ ನಕಾಶದಾಗ ಐತಿ.

ಜಡೆಪ್ಪ: ಎಷ್ಟೈತಿ?

ಗಾದಿಲಿಂಗಪ್ಪ: ಮೈಲಿಗೆ ಅರ್ಧ ಅಡಿ.

ಜಡೆಪ್ಪ: ಅರ್ಧ ಅಡಿ! ನಮ್ಮನಿ ಹೊಸ್ತಿಲ ಅದಕ್ಕಿಂತ ಎತ್ತರ ಐತಲೇ. ಹೊಸ್ತಿಲ ಮ್ಯಾಲೆ ಸೈಕಲ್ ಇಟ್ಟು ಕೈ ಬಿಟ್ರ ಕಂಪ್ಲಿ ಮುಟ್ಟತೈತೇನು?

ವಿರೂಪಾಕ್ಷಪ್ಪ: ಗಂಟೆ ಎಷ್ಟಾತು?

(ಎಪ್ಪತ್ತೆಂಟನೇ ಇಸವಿ, ಸಂಕ್ರಾಂತಿ ಕಳೆದ ಮೇಲಿನ ಒಂದು ಶುಕ್ರವಾರ. ಕಾಲುವೆಯ ಏರಿಯ ಮೇಲೆ ಬಳ್ಳಾರಿ ಜಾಲಿಯ ಪೊದೆಗೆ ಒರಗಿ ಮೂರು ಸೈಕಲ್ಲುಗಳು ನಿಂತಿವೆ. ಒಂದರ ಮುಂದಿನ ಚಕ್ರ ಗಾಳಿ ಹೋಗಿ ನೆಲಕ್ಕೆ ಅಂಟಿದೆ. ಗಾದಿಲಿಂಗಪ್ಪ ಕಾಲುವೆ ಆಫೀಸಿನಲ್ಲಿ ನೀರಿನ ಮಟ್ಟ ಬರೆದುಕೊಳ್ಳುವವನು. ಅಂದರೆ ದಿನಕ್ಕೆರಡು ಸಲ ಗೋಡೆಯ ಮೇಲಿನ ಅಂಕಿ ನೋಡಿ ಪುಸ್ತಕದಲ್ಲಿ ಅದೇ ಅಂಕಿ ಬರೆಯುವುದು ಅವನ ಕೆಲಸ. ಅಷ್ಟಕ್ಕೇ ಆಸಾಮಿ ತಾನು ಅರ್ಧ ಎಂಜಿನಿಯರ್ ಎಂದುಕೊಂಡಿದ್ದ. ಉಳಿದರ್ಧವನ್ನು ಗೆಳೆಯರು ನಂಬಿ ಪೂರ್ತಿ ಮಾಡಿದ್ದರು. ಜಡೆಪ್ಪ ಸಕ್ಕರೆ ಕಾರ್ಖಾನೆಯ ಕೆಲಸಗಾರ. ತೂಕದಲ್ಲಿ ಇಬ್ಬರಿಗೆ ಸಮ, ಬಾಯಲ್ಲಿ ನಾಲ್ವರಿಗೆ ಸಮ. ಮೂರನೆಯವನೇ ವಿರೂಪಾಕ್ಷಪ್ಪ, ಹೊಸಪೇಟೆಯ ಬಾಳೆತೋಟದವನು. ಇವತ್ತು ಕಂಪ್ಲಿಯ ಓಬಳಪ್ಪನ ಮನೆಯಲ್ಲಿ ಹೆಣ್ಣು ನೋಡಬೇಕಾದವನು ಅವನೇ.)

ಗಾದಿಲಿಂಗಪ್ಪ: ಒಂಬತ್ತೂವರಿ. ಇನ್ನಾ ಟೈಮ್ ಐತಿ, ಹೆದರಬ್ಯಾಡ.

ವಿರೂಪಾಕ್ಷಪ್ಪ: ಹತ್ತೂವರಿಗೆ ರಾಹುಕಾಲ ಹತ್ತತೈತಿ. ಅದಕ್ಕೂ ಮೊದಲ ಬರ್ರಿ ಅಂದಾರ. ಅವ್ವ, ಮಾವ ಮೊದಲನೇ ಬಸ್ಸಿಗೆ ಹೋಗ್ಯಾರ. ಹನ್ನೆರಡಕ್ಕ ಗಂಗಾವತಿ ಹುಡುಗ ಹೆಣ್ಣು ನೋಡಾಕ ಬರ್ತಾನಂತ.

ಜಡೆಪ್ಪ: ನೀನೂ ಬಸ್ಸಿಗೆ ಹೋಗಿದ್ರ ಈಗ ಅಲ್ಲಿ ಉಪ್ಪಿಟ್ಟು ತಿಂತಿದ್ದಿ.

ವಿರೂಪಾಕ್ಷಪ್ಪ: ಬಸ್ಸಿನಾಗ ಶರ್ಟು ಮುದುಡತೈತಿ, ಹೊಸ ಸೈಕಲ್ ಮ್ಯಾಲೆ ಬಂದ್ರ ಕಳೆ ಬ್ಯಾರೆ ಅಂತ ಗಾದಿ ಹೇಳಿದ.

ಜಡೆಪ್ಪ: ಬಂತಲ್ಲ ಕಳೆ! ಮಾರಿ ಮ್ಯಾಲೆ ಬೆವರು, ಬೆಲ್‌ಬಾಟಮ್ಮಿಗೆ ಚೈನಿನ ಗ್ರೀಸು. ಹೋಗ್ಲಿ, ಪಂಕ್ಚರ್ ಹಾಕಲೇ ಎಂಜಿನಿಯರಾ.

ಗಾದಿಲಿಂಗಪ್ಪ: ಪಂಪು ತಂದೀನಿ.

ಜಡೆಪ್ಪ: ತೂತಿಗೆ ಪಂಪು ಹೊಡದ್ರ ಏನಾಗತೈತಿ? ಅಂಟಿಸೂ ಸುಲೇಸನ್ ಎಲ್ಲಿ? ರಬ್ಬರ್ ತುಂಡು ಎಲ್ಲಿ?

ಗಾದಿಲಿಂಗಪ್ಪ: ಮನ್ಯಾಗ ಅದಾವು. ಇಳುಕಲಾಗ ಟೈರಿನ ಮ್ಯಾಲೆ ಭಾರ ಬೀಳೂದಿಲ್ಲ, ಪಂಕ್ಚರ್ ಆಗೂದಿಲ್ಲ ಅಂತ ಬಿಟ್ಟು ಬಂದೆ.

(ಜಡೆಪ್ಪ ಆಕಾಶ ನೋಡಿದ. ಆಮೇಲೆ ವಿರೂಪಾಕ್ಷಪ್ಪನ ಕ್ಯಾರಿಯರ್ ಮೇಲಿದ್ದ ಸುಗಂಧಿ ಬಾಳೆಯ ಚಿಪ್ಪಿನಿಂದ ಒಂದು ಹಣ್ಣು ಕಿತ್ತು ಸಿಪ್ಪೆ ಸುಲಿದ. ಅದು ಹೆಣ್ಣಿನ ಮನೆಗೆಂದು ವಿರೂಪಾಕ್ಷಪ್ಪ ತನ್ನ ತೋಟದಲ್ಲೇ ಆರಿಸಿ, ಒಣ ಎಲೆ ಸುತ್ತಿ, ಕೂಸನ್ನು ತಂದಂತೆ ತಂದಿದ್ದ ಹಣ್ಣು.)

ವಿರೂಪಾಕ್ಷಪ್ಪ: ಅದು ಬೀಗರಿಗಪ.

ಜಡೆಪ್ಪ: ಕಂಪ್ಲಿ ಮುಟ್ಟಿದ್ರ ಬೀಗರು. ಮುಟ್ಟಲಿಲ್ಲಂದ್ರ ಯಾರ ಬೀಗರು?

ಗಾದಿಲಿಂಗಪ್ಪ: ಬರೇ ತಿನ್ನಾಕ ಬಂದೀಯಲ್ಲ, ದಾರಿ ತಪ್ಪು ಅನಿಸಿದ್ರ ನಿನ್ನೆ ಯಾಕ ಸುಮ್ಮನಿದ್ದಿ?

ಜಡೆಪ್ಪ: ನಾ ಬ್ಯಾಡ ಅಂದಿದ್ದೆ.

ಗಾದಿಲಿಂಗಪ್ಪ: ಎಲ್ಲಿ ಬ್ಯಾಡ ಅಂದಿ? ದಾರ್ಯಾಗ ಮಿರ್ಚಿ ಎಲ್ಲಿ ಸಿಗತಾವು ಅಂತ ಕೇಳಿದಿ.

ಜಡೆಪ್ಪ: ಅದೂ ಸಿಗಲಿಲ್ಲಲ್ಲ! ಹೋದ ವರ್ಷ ಸಂಡೂರಿಗೆ ಕರಕೊಂಡು ಹೋದಿ. ಮೈನ್ಸ್ ಲಾರಿ ಹಿಂದ ಹಗ್ಗ ಹಿಡಕೊಂಡ್ರ ಸೈಕಲ್ ತಾನೇ ಘಾಟಿ ಹತ್ತತೈತಿ ಅಂದಿ. ಅದಿರಿನ ಧೂಳು ಕುಡದು ಮೂರು ದಿನ ಕೆಂಪು ಉಗುಳು ಉಗುಳಿದ್ವಿ. ನಮ್ಮವ್ವ ರಕ್ತ ಅಂತ ಅಳಾಕ ಕುಂತಳು. ಅಷ್ಟಾದ್ರೂ ನಿನ್ನ ಹಿಂದ ಬಂದೀನಲ್ಲ, ಮೊದಲು ನನ್ನ ಕಾಲಾಗಿಂದು ತಗೊಂಡು ನಾನೇ ಹೊಡಕೋಬೇಕು.

ವಿರೂಪಾಕ್ಷಪ್ಪ: ಹಿಂದ ನೋಡ್ರಿ. ಫ್ಯಾಕ್ಟ್ರಿ ಚಿಮಣಿ ಇನ್ನಾ ಕಾಣತೈತಿ.

(ಮೂವರೂ ತಿರುಗಿ ನೋಡಿದರು. ಹೊಸಪೇಟೆಯ ಚಿಮಣಿ ಹೊಗೆ ಬಿಡುತ್ತ ಅಲ್ಲೇ ನಿಂತಿತ್ತು.)

ಗಾದಿಲಿಂಗಪ್ಪ: ಚಿಮಣಿ ಎತ್ತರ ಐತಿ, ಅದಕ್ಕ ಕಾಣತೈತಿ.

ಜಡೆಪ್ಪ: ನಮ್ಮ ಕಾಲೋನಿ ಹುಣಸಿಗಿಡಾನೂ ಕಾಣತೈತಿ. ಅದೂ ರಾತ್ರಾರಾತ್ರಿ ಎತ್ತರ ಆತೇನು?

ವಿರೂಪಾಕ್ಷಪ್ಪ: ಈಗಾಗಲೇ ಇಬ್ಬರು ಹುಡುಗೇರು ಬ್ಯಾಡ ಅಂದಾರ. ಒಬ್ಬಾಕಿ "ಹುಡುಗ ಮಾತಾಡೂದಿಲ್ಲ" ಅಂದ್ಲು. ಇನ್ನೊಬ್ಬಾಕಿನೂ ಅದನ್ನೇ ಅಂದ್ಲು. ಇದೂ ತಪ್ಪಿದ್ರ ಅವ್ವ ನನ್ನ ಮಾರಿ ನೋಡೂದಿಲ್ಲ. ಹುಡುಗಿ ಫೋಟೋ ನೋಡೀನಿ. ನಂಗ ಭಾಳ ಮನಸಿಗೆ ಬಂದೈತಿ.

(ಇಷ್ಟು ದೊಡ್ಡ ಮಾತನ್ನು ವಿರೂಪಾಕ್ಷಪ್ಪ ಜನ್ಮದಲ್ಲಿ ಆಡಿರಲಿಲ್ಲ. ಜಡೆಪ್ಪನ ಕೈಯಲ್ಲಿದ್ದ ಹಣ್ಣು ಅರ್ಧದಲ್ಲೇ ನಿಂತಿತು. ಅಷ್ಟರಲ್ಲಿ ಏರಿಯ ಕೆಳಗಿನ ಗುಡಿಸಿಲಿನಿಂದ ಎಮ್ಮೆ ಹೊಡೆದುಕೊಂಡು ಹೊಳೆಮ್ಮ ಎಂಬ ಮುದುಕಿ ಮೇಲೆ ಬಂದಳು.)

ಹೊಳೆಮ್ಮ: ಏನಪಾ, ಅಳತಿ ಮುಗೀತೇನು?

ಗಾದಿಲಿಂಗಪ್ಪ: ಯಾವ ಅಳತಿ ಯಜ್ಜಿ?

ಹೊಳೆಮ್ಮ: ಕಾಲುವಿ ಅಳತಿ. ಬೆಳಿಗ್ಗೆ ಏಳಕ್ಕ ನಮ್ಮ ಹಿತ್ಲ ಮುಂದ ಮೂರೂ ಮಂದಿ ಹೋದ್ರಿ. ಈಗ ನಮ್ಮ ಅಂಗಳದ ಮುಂದ ಬಂದೀರಿ. ಸರಕಾರದವರು, ಕಾಲುವಿ ಅಳಿಯಾಕ ಬಂದಾರ ಅನಕೊಂಡೆ.

ಜಡೆಪ್ಪ: ತಡಿ ಯಜ್ಜಿ. ನಿಮ್ಮ ಹಿತ್ಲ ಎಲ್ಲೈತಿ?

ಹೊಳೆಮ್ಮ: ಗುಡಿಸಲ ಹಿಂದ. ಮತ್ತೆಲ್ಲಿ ಇರ್ತೈತಿ?

ಜಡೆಪ್ಪ: ಅಲ್ಲಿಗೂ ಇಲ್ಲಿಗೂ ಎಷ್ಟು ದೂರ?

ಹೊಳೆಮ್ಮ: ನೂರು ಹೆಜ್ಜಿ. ಆ ದಂಡಿ ಮ್ಯಾಲೆ ನಮ್ಮ ತಂಗಿ ಅರಬಿ ಒಗೀತಾಳ, ಇಲ್ಲಿಂದ ಕರದ್ರ "ಓ" ಅಂತಾಳ. ಕಾಲುವಿ ಆ ಗುಡ್ಡ ಸುತ್ತಾಕಿ, ಈ ಗುಡ್ಡ ಸುತ್ತಾಕಿ ಮತ್ತ ಇಲ್ಲೇ ಬರ್ತೈತಿ. ನೀರಿಗೇನು, ಅದಕ್ಕ ಕೆಲಸಿಲ್ಲ. ನಿಮಗೂ ಇಲ್ಲೇನು?

(ಜಡೆಪ್ಪ ಗಾದಿಲಿಂಗಪ್ಪನ ಕಡೆ ಬಹಳ ನಿಧಾನವಾಗಿ ತಿರುಗಿದ.)

ಜಡೆಪ್ಪ: ಎರಡೂವರಿ ತಾಸು. ನೂರು ಹೆಜ್ಜಿ. ಬರಕೋ ನಿನ್ನ ಪುಸ್ತಕದಾಗ.

ಗಾದಿಲಿಂಗಪ್ಪ: ಗುಡ್ಡ ಬಂದ್ರ ಕಾಲುವಿ ಸುತ್ತಬೇಕಾಗತೈತಿ. ಅದು ಎಂಜಿನಿಯರಿಂಗು.

ಜಡೆಪ್ಪ: ನಾವು ಸುತ್ತಿದ್ದು ಏನು?

ಹೊಳೆಮ್ಮ: ಎಲ್ಲಿಗೆ ಹೊಂಟೀರಿ?

ವಿರೂಪಾಕ್ಷಪ್ಪ: ಕಂಪ್ಲಿಗೆ, ಯವ್ವ.

ಹೊಳೆಮ್ಮ: ಕಂಪ್ಲಿಗೆ ಕಾಲುವಿ ಮ್ಯಾಲೆ ಮೀನು ಸೈತ ಹೋಗೂದಿಲ್ಲಲ್ಲೋ ಯಪ್ಪಾ! ಅಗಾ, ಆ ಗದ್ದಿ ದಾಟಿದ್ರ ರೋಡು. ಆಗಲೇ ಎರಡು ಬಸ್ಸು ಹೋದವು.

(ಗದ್ದೆ ನಾಟಿಗೆಂದು ಕೆಸರು ಮಾಡಿಟ್ಟದ್ದು. ಬದುವಿನ ಮೇಲೆ ಹೋಗೋಣ ಎಂದ ವಿರೂಪಾಕ್ಷಪ್ಪನ ಮಾತು ಅರ್ಧ ಬಾಯಲ್ಲೇ ಉಳಿಯಿತು, ಏಕೆಂದರೆ ಅಡ್ಡ ಹಾಯ್ದರೆ ಹತ್ತಿರ ಎಂದು ಗಾದಿಲಿಂಗಪ್ಪ ಆಗಲೇ ಘೋಷಿಸಿದ್ದ. ನಡುಗದ್ದೆಯಲ್ಲಿ ಜಡೆಪ್ಪ ಮೊಣಕಾಲುದ್ದ ಹೂತ. ಅವನನ್ನು ಎಳೆಯಲು ಹೋದ ಗಾದಿಲಿಂಗಪ್ಪ ಮುಖ ಅಡಿಯಾಗಿ ಬಿದ್ದ. ಇಬ್ಬರನ್ನೂ ಮೂರು ಸೈಕಲ್ಲುಗಳನ್ನೂ ಒಂದೊಂದಾಗಿ ದಡ ಸೇರಿಸಿದ ವಿರೂಪಾಕ್ಷಪ್ಪನ ಟೆರಿಕಾಟ್ ಶರ್ಟಿನ ಬಣ್ಣ ಯಾವುದಿತ್ತೆಂದು ಆಮೇಲೆ ಯಾರೂ ಹೇಳುವಂತಿರಲಿಲ್ಲ. ಹೊಸಪೇಟೆಗೆ ಕಬ್ಬು ಹಾಕಿ ಖಾಲಿ ಮರಳುತ್ತಿದ್ದ ಟ್ರ್ಯಾಕ್ಟರ್ ಸಿಗುವ ಹೊತ್ತಿಗೆ ಹನ್ನೆರಡಾಗಿತ್ತು. ಕಂಪ್ಲಿಯಲ್ಲಿ ಓಬಳಪ್ಪನ ಪಡಸಾಲೆಗೆ ಅವರು ಕಾಲಿಟ್ಟಾಗ ಒಂದೂವರೆ. ಗಂಗಾವತಿಯ ಹುಡುಗ ಬಂದು, ತಿಂದು, ನೋಡಿ ಹೋಗಿಯಾಗಿತ್ತು. ವಿರೂಪಾಕ್ಷಪ್ಪನ ತಾಯಿ ಮೂಲೆಯಲ್ಲಿ ಸೆರಗು ಬಾಯಿಗೊತ್ತಿ ಕೂತಿದ್ದಳು. ಮಗನನ್ನು ಕಂಡದ್ದೇ ಸೆರಗನ್ನು ಕಣ್ಣಿಗೊತ್ತಿದಳು.)

ಓಬಳಪ್ಪ: ಬರ್ರಿ, ಬರ್ರಿ. ಗದ್ದಿ ನಾಟಿ ಮುಗಿಸಿ ಬಂದ್ರೇನು?

ಗಾದಿಲಿಂಗಪ್ಪ: ಇಲ್ಲರಿ, ಕಾಲುವಿ ದಾರ್ಯಾಗ ಬಂದ್ವಿ.

ಓಬಳಪ್ಪ: ಕಾಲುವ್ಯಾಗ ಬಿದ್ದು ತೇಲಿಕೊಂಡು ಬಂದಿದ್ರ ಜಲ್ದಿ ಮುಟ್ಟತಿದ್ರಿ. ಸ್ವಚ್ಛಾನೂ ಇರ್ತಿದ್ರಿ.

ಜಡೆಪ್ಪ: ಅದನ್ನೇ ನಾ ಹೇಳಿದ್ದು ನೋಡ್ರಿ.

ಓಬಳಪ್ಪ: ನೀವು ಸುಮ್ಮನಿರ್ರಿ. ನಿಮ್ಮ ಕೈಯಾಗ ಏನದು?

(ಜಡೆಪ್ಪ ಕೈ ನೋಡಿಕೊಂಡ. ಬೀಗರಿಗೆಂದು ತಂದ ಚಿಪ್ಪಿನಲ್ಲಿ ಎರಡೇ ಹಣ್ಣು ಉಳಿದಿದ್ದವು. ಅವನ್ನು ಮರ್ಯಾದೆಯಿಂದ ಓಬಳಪ್ಪನ ಮುಂದಿನ ತಟ್ಟೆಯಲ್ಲಿಟ್ಟ.)

ಓಬಳಪ್ಪ: ನೋಡ್ರಿ ತಂಗೆವ್ವ, ತಪ್ಪು ತಿಳಕೋಬ್ಯಾಡ್ರಿ. ನಮ್ಮದು ಹದಿನಾಲ್ಕು ಎಕರೆ ನೀರಾವರಿ. ಅಳಿಯ ಆಗಾವ ಇಪ್ಪತ್ತು ಮೈಲಿ ದಾರಿ ನೆಟ್ಟಗ ಬರಬೇಕು. ಹುಡುಗಿ ತೋರಿಸೂದು ಏನೂ ಉಳದಿಲ್ಲ. ಊಟ ಮಾಡಿಕೊಂಡು ಹೋಗ್ರಿ.

(ಒಳಗಿನ ಬಾಗಿಲ ಬಳಿ ಬಳೆಯ ಸದ್ದಾಯಿತು. ಹುಡುಗಿ ಚೆನ್ನಬಸಮ್ಮ ಬಾಗಿಲಿಗೆ ಬಂದು ನಿಂತಿದ್ದಳು.)

ಚೆನ್ನಬಸಮ್ಮ: ಅಪ್ಪಾ, ನಾ ಒಂದು ಮಾತು ಕೇಳ್ಲೇನು?

ಓಬಳಪ್ಪ: ಕೇಳವ್ವ, ಇನ್ನೇನೈತಿ ಹೋಗೂದು.

ಚೆನ್ನಬಸಮ್ಮ: ಕಾಲುವಿ ದಾರ್ಯಾಗ ಹೋಗೂಣು ಅಂದಾತ ಯಾರು?

(ಜಡೆಪ್ಪನ ಬೆರಳು, ಸೋದರಮಾವನ ಬೆರಳು, ಕೊನೆಗೆ ಓಬಳಪ್ಪನ ಬೆರಳೂ ಗಾದಿಲಿಂಗಪ್ಪನ ಕಡೆ ಹೋದವು. ಅವನು ಗೋಡೆಯ ಮೇಲಿನ ಕ್ಯಾಲೆಂಡರ್ ನೋಡುತ್ತಿದ್ದ. ಚೆನ್ನಬಸಮ್ಮ ವಿರೂಪಾಕ್ಷಪ್ಪನ ಕಡೆ ತಿರುಗಿದಳು.)

ಚೆನ್ನಬಸಮ್ಮ: ನಿಮಗ ಕಂಪ್ಲಿ ದಾರಿ ಗೊತ್ತಿರಲಿಲ್ಲೇನ್ರಿ?

ವಿರೂಪಾಕ್ಷಪ್ಪ: ಗೊತ್ತೈತ್ರಿ. ವಾರಕ್ಕೊಮ್ಮೆ ಬಾಳಿಗೊನಿ ಹಾಕ್ಕೊಂಡು ಸಂತಿಗೆ ಬರ್ತೀನಿ.

ಚೆನ್ನಬಸಮ್ಮ: ಮತ್ತ ಆ ದಾರಿ ಯಾಕ ಹಿಡದ್ರಿ?

ವಿರೂಪಾಕ್ಷಪ್ಪ: ಇವ ಹೇಳಿದ್ನಲ್ರಿ.

ಚೆನ್ನಬಸಮ್ಮ: ತಪ್ಪು ಅಂತ ಯಾವಾಗ ತಿಳೀತು?

ವಿರೂಪಾಕ್ಷಪ್ಪ: ಮೊದಲನೇ ಮೈಲಿನಾಗೇ.

ಚೆನ್ನಬಸಮ್ಮ: ತಿಳದ ಮ್ಯಾಲೂ ಯಾಕ ತಿರುಗಲಿಲ್ಲ?

ವಿರೂಪಾಕ್ಷಪ್ಪ: ಅಷ್ಟು ಬಾಯಿ ಮಾಡಿ ಹೇಳಿದ್ನಲ್ರಿ. ಬ್ಯಾಡ ಅನ್ನಾಕ ಬಾಯಿ ಬರಲಿಲ್ಲ.

(ತಾಯಿ ಹಣೆ ಚಚ್ಚಿಕೊಂಡಳು. ಮೂರನೆಯ ಹೆಣ್ಣೂ ಕೈ ತಪ್ಪಿತೆಂದು ಜಡೆಪ್ಪನಂಥ ಜಡೆಪ್ಪನೂ ತಟ್ಟೆಯ ಹಣ್ಣಿನ ಮೇಲಿಂದ ಕಣ್ಣು ತೆಗೆದ.)

ಚೆನ್ನಬಸಮ್ಮ: ಅಪ್ಪಾ, ನಂಗ ಇವರೇ ಆಗಲಿ.

ಓಬಳಪ್ಪ: ಏನು ನೋಡಿ ಒಪ್ಪಿದಿ ಬೇ? ಕೆಸರು ನೋಡಿ ಒಪ್ಪಿದ್ಯಾ?

ಚೆನ್ನಬಸಮ್ಮ: ಗಂಗಾವತಿಯಾತ ಚಾ ಕುಡಿಯೂದರಾಗ ನಮ್ಮ ಬಾವಿಗೆ ಮೋಟರ್ ಎಲ್ಲಿ ಕುಂದ್ರಸಬೇಕು, ಒಲಿ ಯಾವ ಮೂಲ್ಯಾಗ ಇರಬೇಕು, ನಾ ಸೀರಿ ಹೆಂಗ ಉಡಬೇಕು ಅಂತ ಎಲ್ಲಾ ಹೇಳಿ ಹೋದ. ಅವ್ನ ಜತಿ ಬಾಳೇ ಮಾಡಾಕ ನಂಗ ಎರಡು ಕಿವಿ ಸಾಲೂದಿಲ್ಲ. ಇವ್ರು ತಪ್ಪು ಅಂತ ಗೊತ್ತಿದ್ರೂ ಹೇಳಿದ ದಾರಿ ಹಿಡೀತಾರ. ಸರಿಯಾಗಿ ಹೇಳಿದ್ರ ಇನ್ನೆಷ್ಟು ನೆಟ್ಟಗ ಹೋಗ್ಯಾರು? ಮೊದಲ ಹಿತ್ಲಕ ಹೋಗಿ ಕೈಕಾಲು ತೊಳಕೊಂಡು ಬರ್ರಿ ಅನ್ನು. ಎಲಿ ಹಾಕ್ತೀನಿ.

(ಮಾತು ಮುಗಿಯುವ ಮೊದಲೇ ವಿರೂಪಾಕ್ಷಪ್ಪ ಎದ್ದು ನಿಂತಿದ್ದ. ಓಬಳಪ್ಪ ಮಗಳನ್ನೊಮ್ಮೆ, ಅಳಿಯನಾಗಲಿರುವವನನ್ನೊಮ್ಮೆ ನೋಡಿ, ತಟ್ಟೆಯಲ್ಲಿದ್ದ ಹಣ್ಣು ಸುಲಿಯತೊಡಗಿದ. ಗಾದಿಲಿಂಗಪ್ಪನಿಗೆ ಮಾತ್ರ ಮೈಯಲ್ಲಿ ಹೊಸ ಉಸಿರು ಬಂತು.)

ಗಾದಿಲಿಂಗಪ್ಪ: ಲೇ ವಿರೂಪಾಕ್ಷಿ, ಹಂಗ ಹೋಗಬ್ಯಾಡ. ಈ ಪಡಸಾಲಿ ಸುತ್ತಾಕಿ ಹೋದ್ರ ನೀರಿನ ತೊಟ್ಟಿ ಹತ್ರ ಆಗತೈತಿ. ಬಾ, ನಾ ತೋರಸ್ತೀನಿ.

ವಿರೂಪಾಕ್ಷಪ್ಪ: ನೀ ಬಾಯಿ ಮುಚ್ಚಲೇ ಗಾದಿ. ದಾರಿ ಹೇಳೋರು ನಂಗ ಬ್ಯಾರೆಯವ್ರು ಸಿಕ್ಕಾರ.