ಬೋರ್ಡಿನಲ್ಲಿ ಬಿಟ್ಟುಹೋದ ದೀರ್ಘ

ನಮ್ಮ ಕಾಕಾ ಜೀವಮಾನದಲ್ಲಿ ಯಾರಿಗೂ ಒಂದು ಗುಳಿಗೆ ಕೊಟ್ಟವರಲ್ಲ. ಆದರೂ ರಂಗಂಪೇಟೆಯ ಅರ್ಧ ಜನ ಅವರ ರೋಗಿಗಳು! ಇದಕ್ಕೆಲ್ಲ ಕಾರಣ ಒಂದು ದೀರ್ಘ.

ಕಾಕಾ ಹೈದರಾಬಾದಿನಲ್ಲಿ ಉರ್ದುವಿನಲ್ಲೇ ವಿಜ್ಞಾನ ಓದಿ ಬಂದ ಮಾಸ್ತರರು. ಭೌತಶಾಸ್ತ್ರಕ್ಕೆ ಅವರು ಕಲಿತ ಹೆಸರು ‘ತಬಿಯಾತ್’. ನಿಜಾಮರ ಆಳ್ವಿಕೆ ಹೋಗಿ ಶಾಲೆಗೆ ಕನ್ನಡ ಬಂದರೂ ಅವರ ಬಾಯಲ್ಲಿ ಆ ಹೆಸರು ಹಾಗೇ ಉಳಿಯಿತು. ಅವರಿಗೊಂದು ಹುಚ್ಚು. ಹಿತ್ತಾಳೆ ತಗಡಿನ ನಟ್ಟನಡುವೆ ಮೊಳೆ ಹೊಡೆದು ಗೂಟದ ಮೇಲೆ ನಿಲ್ಲಿಸಿ, ರಂಗೋಲಿ ಪುಡಿ ಉದುರಿಸಿ, ಸಾರಂಗಿಯ ಕಮಾನನ್ನು ಅಂಚಿಗೆ ತೀಡುವುದು. ತಗಡು ಕೂಗುತ್ತಿತ್ತು. ಪುಡಿ ಎದ್ದು ಕುಣಿದು ತಾನೇ ಹೂವಾಗಿ ಕೂರುತ್ತಿತ್ತು. ಅಂಚಿಗೊಂದು ಬೆರಳು ಮುಟ್ಟಿಸಿದರೆ ಬೇರೆಯದೇ ಹೂವು! ಸಪ್ಪಳಕ್ಕೂ ರೂಪವಿದೆ, ಅದನ್ನು ಊರವರೆಲ್ಲ ನೋಡಬೇಕು. ಇಷ್ಟೇ ಅವರ ಆಸೆ.

‘ತಬಿಯಾತ್ ನೋಡುವ ಜಾಗ. ಪುಕ್ಕಟೆ’ ಎಂದು ಬೋರ್ಡು ಬರೆಸಿದರು. ಬರೆಯುವವನಿಗೆ ತಬಿಯಾತ್ ಏನು ಗೊತ್ತು? ಮಾಸ್ತರರೇ ತಪ್ಪಿದ್ದಾರೆಂದು ದೀರ್ಘ ತೆಗೆದು ‘ತಬಿಯತ್’ ಮಾಡಿದ. ತಬಿಯತ್ ಎಂದರೆ ಆರೋಗ್ಯ! ಮರುದಿನವೇ ಒಬ್ಬ ಮುದುಕ ಕುಂಟುತ್ತ ಬಂದ.

“ಮಾಸ್ತರ್ರ, ಮೊಣಕಾಲು ಹಿಡದಾವ್ರಿ.”

“ಕುಂದ್ರು. ಮೊದಲ ಇದನ್ನ ನೋಡು.”

ಕಮಾನು ಎಳೆದರು. ಹೂವು ಮೂಡಿತು. ಮುದುಕ ಕಣ್ಣರಳಿಸಿ ನೋಡಿದ.

“ನೋಡಿದೆರಿ. ದಿನಕ್ಕ ಎಷ್ಟು ಸಲ ನೋಡಬೇಕ್ರಿ? ಉಂಡ ಮ್ಯಾಲೋ, ಉಣ್ಣೂಕಿಂತ ಮೊದಲೋ?”

ಆಮೇಲೆ ಶಿರವಾಳದಿಂದ ಕಿವುಡಿ ಆಯಿಯೊಬ್ಬಳನ್ನು ಸೊಸೆ ಕರೆತಂದಳು. ಪುಡಿ ಕುಣಿಯುವುದನ್ನು ಕಂಡ ಆಯಿ, “ಯಪ್ಪಾ, ಏನೋ ಕೇಳಿಸಿದಂಗ ಆತು!” ಎಂದುಬಿಟ್ಟಳು. ಮರುದಿನ ಮನೆ ಮುಂದೆ ನಾಲ್ಕು ಬಂಡಿ ಕಿವುಡರು!

“ಬೋರ್ಡ್ ತಿದ್ದಿಸ್ರಿ ಕಾಕಾ,” ಎಂದೆ.

“ತಿದ್ದಿಸಿದ್ರ ಯಾರವ್ವ ಬರ್ತಾರ? ಜಡ್ಡಿನ ನೆವಕ್ಕರ ಚಂದ ನೋಡ್ತಾರ,” ಎಂದು ನಕ್ಕರು. ಆಮೇಲೆ ಸಣ್ಣ ದನಿಯಲ್ಲಿ, “ಒಬ್ಬರರ ಬರೇ ತಬಿಯಾತ್ ಕೇಳಿಕೋತ ಬಂದಿದ್ರ...” ಎಂದರು.

ವರ್ಷಗಳ ಮೇಲೆ ಅವರೇ ಹಾಸಿಗೆ ಹಿಡಿದರು. ನಾನು ಹೋಗಿ, “ತಬಿಯತ್ ಹ್ಯಾಂಗದರಿ ಕಾಕಾ?” ಎಂದೆ. ಮುಖ ಅರಳಿಹೋಯಿತು!

“ಕಡೀಕೂ ಒಬ್ಬಾಕಿ ಕೇಳಿದಿ. ತಗಡು ತಾ!”

ನಾನು ಕೇಳಿದ್ದು ಜ್ವರವನ್ನು, ಅವರಿಗೆ ಕೇಳಿಸಿದ್ದು ತಬಿಯಾತ್. ತಗಡು ತಂದು ನಾನು ಕಮಾನು ಎಳೆದೆ, ಅವರು ಬೆರಳನ್ನು ಅಂಚಿಗಿಟ್ಟರು. ಅದುವರೆಗೆ ಕಾಣದ ಹೂವೊಂದು ಮೂಡಿತು.

“ಚಂದ ಅದ?”

“ಭಾಳ ಚಂದ ಅದರಿ.”

ಕಾಕಾ ಹೋಗಿ ತಿಂಗಳಾಯಿತು. ಬಂದವರೆಲ್ಲ, “ನಿನ್ನ ತಬಿಯತ್ ಹ್ಯಾಂಗದವ್ವ?” ಎನ್ನುತ್ತಾರೆ. ನಾನು ಒಳಗೆ ಹೋಗಿ ಕಮಾನು ಎಳೆಯುತ್ತೇನೆ. ಅಂಚಿನುದ್ದಕ್ಕೂ ಬೆರಳಿಟ್ಟು ನೋಡಿದೆ, ಆ ಹೂವು ಬರುತ್ತಿಲ್ಲ. ಕಾಕಾ ಬೆರಳಿಟ್ಟದ್ದು ಎಲ್ಲಿ? ಅವತ್ತು ನಾನು ಹೂವನ್ನಷ್ಟೇ ನೋಡಿದೆ. ಬೆರಳನ್ನು ನೋಡಲೇ ಇಲ್ಲ.